ಕೋಟೆಯ ಬೋರ್ಡಿನಲ್ಲಿ ಇಲ್ಲದವರು

ಬೀದರನ್ನು ಸರ್ಕಾರ ಮರೆತಿದೆ ಎಂಬ ದೂರು ನಮ್ಮ ಕಡೆ ಬಹಳ ಹಳೆಯದು. ದೂರಿನಲ್ಲಿ ಸುಳ್ಳಿಲ್ಲ. ಕರ್ನಾಟಕದ ನಕಾಶೆಯಲ್ಲಿ ನಾವು ನೆತ್ತಿಯ ಮೇಲಿದ್ದೇವೆ. ಬಜೆಟ್ಟಿನಲ್ಲಿ ಹಿಮ್ಮಡಿಯ ಹತ್ತಿರ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳೂ ಸೇರಿದವು. ಬೀದರಿನ ಬಹಮನಿ ಮತ್ತು ಬರೀದಶಾಹಿ ಕಟ್ಟಡಗಳು ಕಲಬುರಗಿ, ವಿಜಯಪುರ, ಹೈದರಾಬಾದಿನವುಗಳ ಜೊತೆ 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಹೋದವು, ಅಲ್ಲೇ ಕುಳಿತಿವೆ. 2008ರಲ್ಲಿ ಓಡತೊಡಗಿದ ಐಷಾರಾಮಿ ರೈಲು 'ಗೋಲ್ಡನ್ ಚಾರಿಯಟ್' ಮೈಸೂರು ನೋಡಿತು, ಹಂಪಿ ನೋಡಿತು, ಬಾದಾಮಿ ನೋಡಿತು, ಗೋವಾಕ್ಕೂ ಹೋಯಿತು; ಬೀದರ ಎಂಬ ಸ್ಟೇಷನ್ ಒಂದಿದೆ ಎಂಬುದು ಅದಕ್ಕೆ ಗೊತ್ತಾಗಲಿಲ್ಲ. ಕೇಂದ್ರದ 'ಸ್ವದೇಶ್ ದರ್ಶನ್ 2.0' ಯೋಜನೆಗೆ ನಮ್ಮ ರಾಜ್ಯದಿಂದ ಆರಿಸಿದ್ದು ಮತ್ತೆ ಹಂಪಿ, ಮತ್ತೆ ಮೈಸೂರು. ವಿಮಾನ 2020ರ ಫೆಬ್ರುವರಿಯಲ್ಲಿ ಬಂತು, 2023ರ ಕೊನೆಗೆ ನಿಂತಿತು, 2025ರಲ್ಲಿ ಮತ್ತೆ ಬಂತು. ಇದು ಎಷ್ಟು ದಿನದ್ದೋ ಎಂದು ಊರವರು ನಗುತ್ತಾರೆ.

2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಔರಾದ, ಭಾಲ್ಕಿ ಎರಡೂ ಅದರಲ್ಲಿದ್ದವು. ಹೋರಾಟ ಮಾಡಿ 371(ಜೆ) ಕಲಮು ತಂದೆವು. ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹೆಸರಿನಲ್ಲಾದರೂ ಕಲ್ಯಾಣವಾಯಿತಲ್ಲ ಎಂದುಕೊಂಡೆವು. ಈಗ ಎಲ್ಲ ಪಕ್ಷದವರ ಬಾಯಲ್ಲೂ ಹೊಸ ಮಂತ್ರ ಕೇಳಿಬರುತ್ತಿದೆ: ಪಾರಂಪರಿಕ ಪ್ರವಾಸೋದ್ಯಮ. ಕೋಟೆಗೆ ದೀಪ ಹಾಕಿರಿ, ರಸ್ತೆ ಅಗಲ ಮಾಡಿರಿ, ಹೋಟೆಲು ಕಟ್ಟಿರಿ, ಜನ ಬರುತ್ತಾರೆ, ದುಡ್ಡು ಬರುತ್ತದೆ, ಹಿಂದುಳಿದಿದ್ದು ಮುಂದೆ ಬರುತ್ತದೆ.

ದುಡ್ಡು ಬರಲಿ. ನಾವೂ ಕೇಳುವವರೇ. ಬೀದರಿಗೆ ಏನೂ ಕೊಡಬೇಡಿ ಎಂದು ಹೇಳುವಷ್ಟು ಹೊಟ್ಟೆ ತುಂಬಿದವರು ನಾವಲ್ಲ. ಆದರೆ ಪರಂಪರೆ ಎಂದು ಇವರು ಯಾವುದನ್ನು ಕರೆಯುತ್ತಾರೆ, ಆ ಪರಂಪರೆಯಲ್ಲಿ ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ಕೇಳದೆ ಹಸ್ತಾಕ್ಷರ ಹಾಕಲು ನಮಗೆ ಆಗುವುದಿಲ್ಲ. ಮದುವೆಗೆ ಚಪ್ಪರ ಹಾಕಲು ನಮ್ಮನ್ನು ಕರೆದು ಊಟಕ್ಕೆ ಹೊರಗೆ ಕೂರಿಸಿದ್ದು ನಮ್ಮ ಹಿರಿಯರು ನೋಡಿದ್ದಾರೆ.

ಮೊದಲು ಕೋಟೆಯ ಬಾಗಿಲಲ್ಲಿರುವ ಬೋರ್ಡನ್ನೇ ಓದೋಣ. ಸಾಹಿತ್ಯ ವಿಮರ್ಶಕರು ಕಾವ್ಯ ಓದುವ ಹಾಗೆ ಇದನ್ನೂ ಓದಬೇಕು. ಇದೂ ಒಂದು ಪಠ್ಯ, ಇದಕ್ಕೂ ಒಬ್ಬ ಕರ್ತೃವಿದ್ದಾನೆ. ನೀಲಿ ಬಣ್ಣ, ಬಿಳಿ ಅಕ್ಷರ. ಇದು ಸಂರಕ್ಷಿತ ಸ್ಮಾರಕ, ಇದನ್ನು ಕೆಡಿಸಿದವರಿಗೆ, ವಿರೂಪ ಮಾಡಿದವರಿಗೆ ಶಿಕ್ಷೆ. 1958ರ ಕಾಯ್ದೆಯಲ್ಲಿ ಇದ್ದ ಮೂರು ತಿಂಗಳ ಸಜೆ 2010ರ ತಿದ್ದುಪಡಿಯಲ್ಲಿ ಎರಡು ವರ್ಷವಾಯಿತು. ದಂಡ ಒಂದು ಲಕ್ಷಕ್ಕೆ ಏರಿತು. ಕಾಯ್ದೆ ಬೇಡ ಎಂದು ನಾವು ಹೇಳುತ್ತಿಲ್ಲ. ಗೋಡೆಯ ಮೇಲೆ ಪ್ರೇಮಿಯ ಹೆಸರು ಕೆತ್ತುವವರ ಕೈ ಹಿಡಿಯಲೇಬೇಕು. ಆದರೆ ಸರ್ಕಾರ ತನ್ನ ಪ್ರಜೆಗೆ ಅವನ ಊರಿನ ಚರಿತ್ರೆಯ ಬಗ್ಗೆ ಆಡುವ ಮೊದಲ ಮಾತೇ ದಂಡದ ಮಾತು. ಮುಂದಿನ ಕಲ್ಲಿನ ಮೇಲೆ ರಾಜರ ಹೆಸರು, ಇಸವಿ, ಕಮಾನಿನ ಶೈಲಿ. ಇರಾನಿನಿಂದ ಬಂದ ನಕ್ಷೆಗಾರರು, ತುರ್ಕರು, ಅರಬರು. ಕಲ್ಲು ಹೊತ್ತವರು? ಆ ಸಾಲು ಬರೆಯುವುದರೊಳಗೆ ಬಣ್ಣ ಮುಗಿದಿರಬೇಕು.

ಕೋಟೆಯ ದಕ್ಷಿಣದ ಕಡೆ ಹೋಗಿ ನಿಂತು ನೋಡಿ. ಮೂರು ಸಾಲಿನ ಕಂದಕ. ಮಣ್ಣು ಅಗೆದು ಮಾಡಿದ್ದಲ್ಲ, ಕೆಂಪು ಮುರಕಲ್ಲಿನ ಬಂಡೆಯನ್ನೇ ಕಡಿದು, ನಡುವೆ ಬಂಡೆಯ ಗೋಡೆಗಳನ್ನು ಉಳಿಸಿ ಮಾಡಿದ್ದು. ಅಹಮದ್ ಶಾ ಬಹಮನಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ. ಆಗ ಯಂತ್ರವಿಲ್ಲ, ಸಿಡಿಮದ್ದಿನಿಂದ ಬಂಡೆ ಒಡೆಯುವ ಗುತ್ತೇದಾರನಿಲ್ಲ. ಉಳಿ, ಸುತ್ತಿಗೆ, ಹಾರೆ, ಬುಟ್ಟಿ ಮತ್ತು ಮನುಷ್ಯನ ಬೆನ್ನು. ಎಷ್ಟು ಬೆನ್ನು ಬಾಗಿದವು, ಎಷ್ಟು ಮುರಿದವು ಎಂದು ಯಾವ ಆಸ್ಥಾನ ಇತಿಹಾಸಕಾರನೂ ಬರೆದಿಡಲಿಲ್ಲ. ಇಂದಿಗೂ ನಮ್ಮ ಜಿಲ್ಲೆಯಲ್ಲಿ ಕಲ್ಲು ಒಡೆಯುವವರು ಯಾವ ಜಾತಿಯವರು, ಬುಟ್ಟಿ ಹೊರುವ ಹೆಣ್ಣುಮಕ್ಕಳು ಯಾವ ಓಣಿಯವರು ಎಂಬುದನ್ನು ನೋಡಿದರೆ ಆ ಬರೆಯದ ಪುಟದಲ್ಲಿ ಏನಿತ್ತು ಎಂದು ಊಹಿಸಲು ಪಂಡಿತರು ಬೇಕಾಗಿಲ್ಲ.

ಬರೆದವನೊಬ್ಬ ಇದ್ದ, ಅವನು ಪರದೇಶಿ. ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ, ತ್ವೇರ್ ಊರಿನವನು. ಒಂದು ಕುದುರೆ ಮಾರಿಕೊಳ್ಳಲು ಸಮುದ್ರ ದಾಟಿ ಬಂದವನು 1470ರ ಆಸುಪಾಸಿನಲ್ಲಿ ಬೀದರಿನಲ್ಲಿ ಇದ್ದ. ಆಗ ಇಲ್ಲಿ ಮಹಮೂದ್ ಗಾವಾನ್ ವಜೀರ. ನಿಕಿತಿನ್ ಅರಮನೆ ಕಂಡ, ಸುಲ್ತಾನನ ಸವಾರಿ ಕಂಡ, ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುವ ಅಮೀರರನ್ನು ಕಂಡ. ಕಂಡು ಬೆರಗಾದ. ಅಷ್ಟಕ್ಕೇ ನಿಲ್ಲದೆ ಇನ್ನೊಂದನ್ನೂ ಬರೆದ: ಈ ನಾಡಿನಲ್ಲಿ ಜನ ಬಹಳ, ಹಳ್ಳಿಯವರು ತೀರ ಬಡವರು, ದೊಡ್ಡವರದು ಮಾತ್ರ ಅಪಾರ ವೈಭೋಗ. ಬೀದರಿಗೆ ಬಂದ ಪ್ರವಾಸಿಗರಲ್ಲಿ ಇವನಷ್ಟು ಹಳಬ ನಮಗೆ ಗೊತ್ತಿಲ್ಲ. ಐನೂರೈವತ್ತು ವರ್ಷದ ಹಿಂದೆ ಒಬ್ಬ ಕುದುರೆ ವ್ಯಾಪಾರಿಗೆ ಕಣ್ಣಿಗೆ ಬಿದ್ದದ್ದು ಇಂದಿನ ಪ್ರವಾಸಿ ಪುಸ್ತಿಕೆಗೆ ಕಾಣುವುದಿಲ್ಲ. ನಿಕಿತಿನ್ ಹೆಸರನ್ನು ಇವರು ಬಳಸುತ್ತಾರೆ, ವಿದೇಶದಿಂದಲೂ ಬರುತ್ತಿದ್ದರು ಎಂದು ಹೊಗಳಿಕೊಳ್ಳಲು. ಅವನ ಆ ಮಾತನ್ನು ಮಾತ್ರ ಕತ್ತರಿಸಿಬಿಡುತ್ತಾರೆ.

ಗಾವಾನನ ಬಗ್ಗೆ ನಮಗೆ ಗೌರವವಿದೆ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಮೂರು ಅಂತಸ್ತಿನ ವಿದ್ಯಾಪೀಠ. ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯವಿತ್ತು ಎಂದು ಹೇಳುತ್ತಾರೆ. 1481ರಲ್ಲಿ ಆಸ್ಥಾನದ ಒಳಜಗಳ ಅವನ ತಲೆ ತೆಗೆಯಿತು. 1696ರಲ್ಲಿ ಮದ್ದಿನ ಸ್ಫೋಟ ಕಟ್ಟಡದ ಅರ್ಧ ತೆಗೆಯಿತು. ಉಳಿದ ಒಂದು ಮಿನಾರು, ಗೋಡೆಗೆ ಅಂಟಿಕೊಂಡಿರುವ ನೀಲಿ ಹಂಚಿನ ತುಣುಕುಗಳು ಇವತ್ತಿಗೂ ಕಣ್ಣು ಕಟ್ಟುತ್ತವೆ. ಆದರೆ ನಮ್ಮ ಮಾಸ್ತರರೇ, ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಂದು ಪ್ರಶ್ನೆಯನ್ನು ಅವರ ಬಾಯಿಂದಲೇ ಹೊರಡಿಸಿರಿ: ಅಷ್ಟು ದೊಡ್ಡ ವಿದ್ಯಾಪೀಠದಲ್ಲಿ ಆ ಕಂದಕ ಕಡಿದವನ ಮಗ ಕೂತಿದ್ದನೆ? ಗಾವಾನನ ಕಾಲದಲ್ಲಿ ಮಾತ್ರವಲ್ಲ, ಅದಕ್ಕಿಂತ ಹಿಂದಿನ ಅಗ್ರಹಾರ, ಘಟಿಕಾಸ್ಥಾನಗಳಲ್ಲಿ ಕೂತಿದ್ದನೆ? ಮುಸಲ್ಮಾನ ದೊರೆಯನ್ನು ಬೈಯಲು ಈ ಪ್ರಶ್ನೆಯನ್ನು ಎತ್ತುವವರಿದ್ದಾರೆ. ಅವರ ಕೈಗೆ ಇದನ್ನು ಕೊಡಬೇಡಿ. ಪ್ರಶ್ನೆ ಎಲ್ಲ ಸಿಂಹಾಸನಗಳಿಗೂ ಸೇರಿದ್ದು.

ನೀರಿನ ವಿಷಯಕ್ಕೆ ಬರೋಣ. ನೌಬಾದಿನ ಸುರಂಗ ಬಾವಿ, ಪಾರಸಿಯಲ್ಲಿ ಕಾರೇಜ್, ಈಗ ಬಹಳ ಹೆಸರು ಮಾಡಿದೆ. ನೆಲದ ಕೆಳಗೆ ಮೂರು ಕಿಲೋಮೀಟರಿನಷ್ಟು ಉದ್ದ ಕಾಲುವೆ, ನಡುನಡುವೆ ಮೇಲಕ್ಕೆ ತೆರೆದ ಬಾವಿಯ ಬಾಯಿಗಳು. ಮುರಕಲ್ಲಿನಲ್ಲಿ ಇಳಿದ ಮಳೆ ನೀರು ಕೆಳಗಿನ ಗಟ್ಟಿ ಪದರಿಗೆ ತಾಗಿ ನಿಲ್ಲುತ್ತದೆ. ಅದನ್ನು ಇಳಿಜಾರಿನಲ್ಲಿ ಸೆಳೆದು ಊರಿಗೆ ಹರಿಸುವ ಲೆಕ್ಕ. ಪಂಪು ಬೇಡ, ಕರೆಂಟು ಬೇಡ. ವರ್ಷಗಟ್ಟಲೆ ಹೂಳು ತುಂಬಿ, ಬಾಯಿಗಳ ಮೇಲೆ ಕಟ್ಟಡ ಎದ್ದು ಜನ ಮರೆತಿದ್ದರು. ಕಳೆದ ದಶಕದಲ್ಲಿ ಸಂಶೋಧಕರು ಹುಡುಕಿದರು, ಜಿಲ್ಲಾಡಳಿತ ಹೂಳು ತೆಗೆಸಿತು, ಪತ್ರಿಕೆಗಳು ಬರೆದವು. ಒಳ್ಳೆಯ ಕೆಲಸ. ಇಡೀ ಬೀದರಿನಲ್ಲಿ ನಮಗೆ ಅತಿ ಹೆಚ್ಚು ಹೆಮ್ಮೆ ತರುವ ಸ್ಮಾರಕ ಇದೇ, ಯಾಕೆಂದರೆ ಇದರಲ್ಲಿ ಸಿಂಹಾಸನವಿಲ್ಲ, ಗೋರಿಯಿಲ್ಲ, ಕೆಲಸ ಮಾತ್ರ ಇದೆ.

ಆದರೆ ಹೂಳು ತೆಗೆಯುವುದು ಎಂದರೇನು? ಉಸಿರು ಕಟ್ಟುವ ಕತ್ತಲಲ್ಲಿ ಮನುಷ್ಯ ಇಳಿಯುವುದು. ನಮ್ಮ ದೇಶದಲ್ಲಿ ಇಂಥ ಕತ್ತಲಿಗೆ ಇಳಿಯುವ ಕೆಲಸಕ್ಕೆ ಯಾರನ್ನು ಹುಡುಕುತ್ತಾರೆ ಎಂಬುದು ಊರಿನ ಪ್ರತಿ ಚರಂಡಿಗೂ ಗೊತ್ತು. ಸುರಂಗ ತೋಡಿದವರಿಗೆ ಹೆಸರಿಲ್ಲ. ತೊಳೆದವರಿಗಾದರೂ ಹೆಸರು ಬೇಕಲ್ಲ. ಅಲ್ಲೊಂದು ಕಲ್ಲು ನಿಲ್ಲಿಸಿ, ಈ ಹೂಳು ಹೊತ್ತವರು ಇಂತಿಂಥವರು, ಇಂತಿಂಥ ಊರಿನವರು ಎಂದು ಬರೆಸಿದರೆ ಉದ್ಘಾಟನೆಯ ಕಲ್ಲಿಗಿಂತ ಹೆಚ್ಚು ಖರ್ಚಾಗುವುದಿಲ್ಲ. ಉದ್ಘಾಟನೆಯ ಕಲ್ಲಿನಲ್ಲಿ ತಾಲ್ಲೂಕು ಪಂಚಾಯತಿ ಸದಸ್ಯರವರೆಗೂ ಹೆಸರು ಹಿಡಿಯುತ್ತವೆ, ಅದನ್ನು ನೋಡಿದ್ದೇವೆ.

ಮತ್ತೊಂದು. ಪ್ರವಾಸಿ ಪುಸ್ತಿಕೆಯವರು ಹಳೆಯ ಮೆಟ್ಟಿಲು ಬಾವಿಗಳ ಫೋಟೋ ಹಾಕಿ ಎಷ್ಟು ಚಂದ ಎನ್ನುತ್ತಾರೆ. ಚಂದವೇ. ಆ ಮೆಟ್ಟಿಲನ್ನು ಯಾರು ಇಳಿಯಬಹುದಿತ್ತು? ನಮ್ಮ ಅವ್ವಂದಿರು ಬಾವಿಯ ಕಟ್ಟೆಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಮೇಲಿಂದ ನೀರು ಸುರಿಯಲಿ ಎಂದು ಕೊಡ ಚಾಚಿದವರು. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದದ್ದು ನೀರು ಸಿಹಿ ಇದೆಯೋ ಇಲ್ಲವೋ ನೋಡಲು ಅಲ್ಲ. ಹೀಗಿರುವಾಗ ಬಾವಿ ಎಂಬುದು ನಮಗೆ ವಾಸ್ತುಶಿಲ್ಪ ಮಾತ್ರ ಆಗಲು ಹೇಗೆ ಸಾಧ್ಯ? ಬಾವಿಯ ಪಕ್ಕದ ಫಲಕದಲ್ಲಿ ಕಮಾನುಗಳ ಲೆಕ್ಕದ ಜೊತೆ ಈ ಒಂದು ಸಾಲೂ ಬರಲಿ: ಇಷ್ಟು ಕಾಲ ಇಂಥವರಿಗೆ ಇಲ್ಲಿ ಪ್ರವೇಶವಿರಲಿಲ್ಲ. ಪ್ರವಾಸಿಗೆ ಮುಜುಗರವಾದರೆ ಆಗಲಿ. ಜರ್ಮನಿಯವರು ತಮ್ಮ ಕಾನ್ಸಂಟ್ರೇಷನ್ ಕ್ಯಾಂಪುಗಳನ್ನು ಮಕ್ಕಳಿಗೆ ತೋರಿಸುತ್ತಾರೆ. ನಾಚಿಕೆಯೂ ಪಾಠ ಎಂದು ಅವರಿಗೆ ಗೊತ್ತಾಗಿದೆ.

ಇನ್ನು ಬದುಕಿರುವವರ ಮಾತು. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಕಡೆ ಹೊಸ ಮನೆ ಕಟ್ಟುವಂತಿಲ್ಲ. ಹಳೆಯದರ ದುರಸ್ತಿಗೂ ಅನುಮತಿ ಬೇಕು. ಬಯಲಲ್ಲಿ ನಿಂತ ಸ್ಮಾರಕಕ್ಕೆ ಇದು ಸರಿ. ಬೀದರ ಬಯಲಲ್ಲ. ಮದರಸಾ ಇರುವುದು ಓಣಿಗಳ ನಡುವೆ. ಚೌಬಾರದಿಂದ ಕೋಟೆಯವರೆಗೆ ಜನ ಹೆಗಲಿಗೆ ಹೆಗಲು ಹಚ್ಚಿ ಬದುಕುತ್ತಾರೆ. ಕೋಟೆಯ ಒಳಗೇ ಮನೆಗಳಿವೆ. ಮಳೆಗಾಲದಲ್ಲಿ ಗೋಡೆ ಬಿದ್ದರೆ, ಪಾಯಖಾನೆ ಕಟ್ಟಬೇಕಾದರೆ, ಮಗನ ಮದುವೆಗೆ ಒಂದು ಕೋಣೆ ಹಾಕಬೇಕಾದರೆ ಅರ್ಜಿ. ಆ ಅರ್ಜಿ ದಾರಿ ಹಿಡಿದರೆ ದಿಲ್ಲಿಯ ಪ್ರಾಧಿಕಾರದವರೆಗೆ ಹೋಗಬೇಕು. ಓದು ಬರದವನಿಗೆ ಅರ್ಜಿ ಬರೆಯುವವನೇ ಮೊದಲ ಪ್ರಾಧಿಕಾರ. ಸೊಂಟದಲ್ಲಿ ದುಡ್ಡಿದ್ದವನ ಮೂರು ಅಂತಸ್ತು ಹೇಗೋ ಏಳುತ್ತದೆ, ಬಡವನ ತಗಡಿನ ಮೇಲೆ ನೋಟಿಸು ಬೀಳುತ್ತದೆ. "ನೀವು ಕ್ವಾಟಿ ನೋಡ್ಲಾಕ ಬಂದೀರಿ, ನಮ್ಮ ಮನಿ ಗ್ವಾಡಿನೂ ಒಮ್ಮಿ ನೋಡ್ರಿ" ಎಂದು ಅಲ್ಲಿನ ಜನ ಹೇಳಿದರೆ ಅದರಲ್ಲಿ ತಪ್ಪೇನಿದೆ?

ನಮ್ಮ ಭಯಕ್ಕೆ ಆಧಾರವಿದೆ. ಹಂಪಿಯಲ್ಲಿ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿ ಮನೆಗಳನ್ನು ಯಂತ್ರ ಹಚ್ಚಿ ಕೆಡವಿದರು. ಕಲ್ಲಿನ ಮಂಟಪಗಳಲ್ಲಿ ತಲೆಮಾರುಗಳಿಂದ ಬದುಕಿದವರು ಒಂದು ಬೆಳಿಗ್ಗೆಗೆ ಅತಿಕ್ರಮಣಕಾರರಾದರು. 2020ರಲ್ಲಿ ವಿರೂಪಾಪುರ ಗಡ್ಡಿಯಲ್ಲಿ, ಈ ಸಲ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ, ಮತ್ತೆ ಕೆಡವಿದರು. ಹಂಪಿಯಂತೆ ಆಗಬೇಕು ಬೀದರ ಎಂದು ಭಾಷಣ ಮಾಡುವವರು ಈ ಅರ್ಧವನ್ನೂ ಸೇರಿಸಿ ಹೇಳಬೇಕು. ಬಜಾರು ಎಂದರೇ ಜನ ಕೂಡುವ ಜಾಗ. ಜನರನ್ನು ಎಬ್ಬಿಸಿ ಬಜಾರನ್ನು ಕಾಪಾಡಿದ ವಿದ್ಯೆ ನಮ್ಮ ತಲೆಗೆ ಇನ್ನೂ ಹತ್ತಿಲ್ಲ. ಕೋಟೆಗೆ ಕೊಡುವ ಪ್ರತಿ ಕೋಟಿಯ ಜೊತೆ, ಕೋಟೆಯ ನೆರಳಿನಲ್ಲಿ ಇರುವವರ ಮನೆಗೆ ಪಕ್ಕಾ ಕಾಗದ, ಹಳೆಯ ರೀತಿಯಲ್ಲೇ ದುರಸ್ತಿ ಮಾಡಿಕೊಳ್ಳಲು ಸುಣ್ಣ ಗಾರೆಯ ಖರ್ಚು, ಅರ್ಜಿಗೆ ಬೀದರಿನಲ್ಲೇ ಉತ್ತರ ಬರಬೇಕು. ಇಲ್ಲದಿದ್ದರೆ ಅಂಥ ನೆರವನ್ನು ನಾವು ಎದುರು ನಿಂತು ತಡೆಯುತ್ತೇವೆ.

ಬಿದರಿಯ ಕತೆ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದೇವೆ, ಅರ್ಧ ಮಾತ್ರ ಗೊತ್ತಿದೆ. ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಕೆತ್ತುತ್ತಾರೆ, ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಆ ಪಾತ್ರೆಯನ್ನು ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತ ಉಳಿಯುತ್ತದೆ. ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕು. ಹಳೆಯ ಕಸಬುದಾರರು ಅದನ್ನು ನಾಲಗೆಗೆ ಹಚ್ಚಿ ನೋಡಿ ಆರಿಸುತ್ತಾರೆ. ಕೋಟೆ ಪ್ರವಾಸಿಗೆ ಕಟ್ಟಡವಾದರೆ ಇವರಿಗೆ ಕಚ್ಚಾ ಮಾಲು. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2011ರಲ್ಲಿ ದಿಲ್ಲಿಯ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವೇ ಬಿದರಿ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಊರೆಲ್ಲ ಹಿಗ್ಗಿತು, ನಾವೂ ಹಿಗ್ಗಿದೆವು.

ಒಬ್ಬ ಉಸ್ತಾದರಿಗೆ ಸನ್ಮಾನವಾದದ್ದು ಸಂತೋಷ. ಆದರೆ ಗಲ್ಲಿಯ ಒಳಗೆ ಕೂತು ಕೂಲಿಗೆ ಕೆತ್ತುವವನ ಲೆಕ್ಕ ಬೇರೆ. ಬೆಳ್ಳಿಯ ದರ ಏರಿದ ದಿನ ಅವನಿಗೆ ಕೆಲಸ ಇಳಿಯುತ್ತದೆ. ಬಂಡವಾಳ ಬೇರೆಯವರದು, ಅಂಗಡಿ ಬೇರೆಯವ ಊರಿನದು, ಮಸಿ ಮತ್ತು ಹೊಗೆ ಇವನದು. ಮಗನನ್ನು ಈ ಕಸಬಿಗೆ ಹಚ್ಚಲು ತಂದೆಯೇ ಹಿಂದೆ ಸರಿಯುತ್ತಾನೆ. ಪರಂಪರೆ ಉಳಿಸಿ ಎಂದು ಇವನಿಗೆ ಭಾಷಣ ಮಾಡುವುದು ಕ್ರೌರ್ಯ. ಬೆಳ್ಳಿಯನ್ನು ನಿಗದಿ ದರಕ್ಕೆ ಕೊಡಲಿ, ತಯಾರಾದ ಮಾಲನ್ನು ಸರ್ಕಾರವೇ ಕೊಳ್ಳಲಿ, ಮಂತ್ರಿಗಳು ಬಂದವರಿಗೆಲ್ಲ ಹಂಚುವ ಪ್ಲಾಸ್ಟಿಕ್ ನೆನಪಿನ ಕಾಣಿಕೆಗಳ ಬದಲು ಬಿದರಿ ಕೊಡಲಿ. ಆಮೇಲೆ ಪರಂಪರೆಯ ಮಾತಾಡಲಿ.

ಪ್ರವಾಸೋದ್ಯಮದಲ್ಲಿ ದಲಿತರಿಗೆ ಪಾಲೇ ಇಲ್ಲವೆ ಎಂದು ಕೇಳಿದರೆ ಇಲಾಖೆಯವರು ಇದೆ ಎನ್ನುತ್ತಾರೆ: ಪ್ರವಾಸಿ ಟ್ಯಾಕ್ಸಿ. ಪರಿಶಿಷ್ಟರ, ಹಿಂದುಳಿದವರ ನಿರುದ್ಯೋಗಿ ಹುಡುಗರಿಗೆ ಸಬ್ಸಿಡಿಯಲ್ಲಿ ಕಾರು, ಉಳಿದದ್ದು ಬ್ಯಾಂಕ್ ಸಾಲ. ಮೈಸೂರಿನಲ್ಲಿ ಇದರಿಂದ ಅನ್ನ ತಿಂದವರಿರಬಹುದು. ಪ್ರವಾಸಿಗಳೇ ಬರದ ಜಿಲ್ಲೆಯಲ್ಲಿ ಪ್ರವಾಸಿ ಟ್ಯಾಕ್ಸಿ ಪಡೆದ ಹುಡುಗ ಕಂತು ಕಟ್ಟಲು ಏನು ಮಾಡಬೇಕು? ಹಳದಿ ಬೋರ್ಡಿನ ಕಾರಿನಲ್ಲಿ ಮದುವೆ ದಿಬ್ಬಣ ಹೊಡೆಯಬೇಕು. ಇಲ್ಲಿ ಒಂದು ಮನೋಧರ್ಮವೂ ಇದೆ. ನಮ್ಮ ಹುಡುಗನ ಕೈಗೆ ಸ್ಟೇರಿಂಗ್ ಕೊಡುತ್ತಾರೆ, ಕತೆ ಹೇಳುವ ಕೆಲಸ ಕೊಡುವುದಿಲ್ಲ. ಬಾಗಿಲವರೆಗೆ ಪ್ರವಾಸಿಯನ್ನು ತಂದು ಬಿಟ್ಟು ಹೊರಗೆ ಕಾರಿನ ಹತ್ತಿರ ನಿಲ್ಲು. ಒಳಗೆ ಚರಿತ್ರೆ ಹೇಳಲು ಬೇರೆಯವರಿದ್ದಾರೆ. ಹಳೆಯ ಕಾಲದಲ್ಲಿ ಗುಡಿಯ ಹೊರಗೆ ನಿಲ್ಲಿಸಿದವರಿಗೂ ಇವರಿಗೂ ವ್ಯತ್ಯಾಸ ಎಷ್ಟು? ಬಿ.ಎ., ಎಂ.ಎ. ಇತಿಹಾಸ ಓದಿ ಕೂಲಿಗೆ ಹೋಗುವ ಹುಡುಗ ಹುಡುಗಿಯರು ನಮ್ಮ ಪ್ರತಿ ಊರಲ್ಲಿದ್ದಾರೆ. ಅವರಿಗೆ ಮಾರ್ಗದರ್ಶಿಯ ತರಬೇತಿ, ಪರವಾನಗಿ, ತಿಂಗಳ ಸಂಬಳ ಕೊಡಿ. 2013ರ ಪರಿಶಿಷ್ಟರ ಉಪಯೋಜನೆ ಕಾಯ್ದೆಯ ಪ್ರಕಾರ ಜನಸಂಖ್ಯೆಗೆ ತಕ್ಕ ಹಣ ಮೀಸಲಿಡಬೇಕು. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಪರಿಶಿಷ್ಟ ಜಾತಿಯವರೇ ನಾಲ್ಕನೇ ಒಂದು ಪಾಲಿನ ಹತ್ತಿರ. ಪ್ರವಾಸೋದ್ಯಮದ ಆ ಹಣ ರಸ್ತೆಯ ಡಾಂಬರಿಗೆ ಹೋಯಿತೋ, ಮನುಷ್ಯರಿಗೆ ಹೋಯಿತೋ ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವ ಗೆಳೆಯರು ಬೇಕಾಗಿದ್ದಾರೆ.

ಬೀದರ ನಗರ ಬಿಟ್ಟು ಹೊರಗೆ ನಡೆಯೋಣ. ಭಾಲ್ಕಿ ನಲವತ್ತು ಕಿಲೋಮೀಟರು. ಊರ ನಡುವೆ ಕೋಟೆ ಇದೆ, ಭಾತಂಬ್ರಾದಲ್ಲಿ ಇನ್ನೊಂದು ಕೋಟೆ. ಹುಬ್ಬಳ್ಳಿಯ ಸಿದ್ಧಾರೂಢರು ಹುಟ್ಟಿದ ಚಳಕಾಪುರ ಈ ತಾಲ್ಲೂಕಿನದು. ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಆಡಳಿತದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಒಂದು ಶಾಲೆಯ ಬೋರ್ಡಿನ ಈ ಕತೆ ಯಾವ ಅರಮನೆಯ ಕತೆಗೂ ಕಡಿಮೆಯಲ್ಲ. ಪ್ರವಾಸಿ ನಕ್ಷೆಯಲ್ಲಿ ಮಾತ್ರ ಭಾಲ್ಕಿ ಎಂದರೆ ಬಸ್ಸು ಚಹಾಕ್ಕೆ ನಿಲ್ಲುವ ಊರು.

ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಮೂರು ರಾಜ್ಯದ ಜನ ಬರುತ್ತಾರೆ. ಭಂಡಾರ ಹಾರುವುದು, ಡೊಳ್ಳು ಬಡಿಯುವುದು ಕ್ಯಾಮರಾಕ್ಕೆ ಬಹಳ ಚೆನ್ನಾಗಿ ಬರುತ್ತದೆ. ಜಾನಪದ ಸೊಗಡು ಎಂದು ಅಡಿಬರಹ ಹಾಕುತ್ತಾರೆ. ಈ ದೇವರ ಹೆಸರಿನಲ್ಲೇ ಬಡವರ ಮನೆಯ ಹೆಣ್ಣುಮಕ್ಕಳನ್ನು ಮುರಳಿ ಬಿಡುವ ಪದ್ಧತಿ ಈ ಸೀಮೆಯಲ್ಲಿ ನಡೆದುಬಂದದ್ದನ್ನು, ಅದನ್ನು ತಡೆಯಲು 1982ರಲ್ಲಿ ಕಾನೂನು ಬೇಕಾದದ್ದನ್ನು ಅಡಿಬರಹದಲ್ಲಿ ಹಾಕುವುದಿಲ್ಲ. ಪರಂಪರೆ ಎಂದ ಮಾತ್ರಕ್ಕೆ ಎಲ್ಲವನ್ನೂ ತಲೆಯ ಮೇಲೆ ಹೊತ್ತು ಕುಣಿಯಲು ಆಗುವುದಿಲ್ಲ. ಕೆಲವನ್ನು ಉಳಿಸಬೇಕು, ಕೆಲವನ್ನು ಹೂಳಬೇಕು, ಹೂಳಿದ ಜಾಗಕ್ಕೆ ಗುರುತು ಇಡಬೇಕು.

ಈಗ ಔರಾದ. ಅಲ್ಲಿ ಏನಿದೆ ನೋಡಲು ಎಂದು ಕೇಳುತ್ತಾರೆ. ಅಮರೇಶ್ವರನ ಗುಡಿ ಇದೆ, ಜಾತ್ರೆ ಇದೆ. ಮಾಂಜ್ರಾ ನದಿ ಇದೆ. ಕಪ್ಪು ಎರೆಯ ಹೊಲ, ದೇವಣಿ ಎತ್ತು, ಲಂಬಾಣಿ ತಾಂಡಾ. 1956ರಲ್ಲಿ ಹಳೆಯ ಬೀದರ ಜಿಲ್ಲೆಯನ್ನು ಹರಿದಾಗ ಉದಗೀರ, ನಿಲಂಗಾ, ಅಹಮದಪುರ ಅತ್ತ ಹೋದವು, ಜಹೀರಾಬಾದ್, ನಾರಾಯಣಖೇಡ ಇತ್ತ ಹೋದವು. ನಡುವೆ ಉಳಿದ ಈ ತಾಲ್ಲೂಕಿನಲ್ಲಿ ಒಂದೇ ಮನೆಯಲ್ಲಿ ಅವ್ವ ಮರಾಠಿ, ಸೊಸೆ ಕನ್ನಡ, ಬಜಾರಿನಲ್ಲಿ ಉರ್ದು. ಬೇಸಿಗೆಗೆ ನೀರಿಲ್ಲ, ಕೆಲಸವಿಲ್ಲ. ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅಂದರೆ ಬೇರೆ ಊರಿನ ಮುಂದಿನ ಕಾಲದ ಸ್ಮಾರಕಗಳನ್ನು ಇವರೇ ಕಟ್ಟುತ್ತಿದ್ದಾರೆ.

ಔರಾದದ ತೊಂದರೆ ಇದು: ಅಲ್ಲಿ ದೊಡ್ಡ ಕಲ್ಲಿಲ್ಲ. ಕಲ್ಲಿನಿಂದಲೇ ಪರಂಪರೆಯನ್ನು ಅಳೆಯುವ ಯೋಜನೆಯಲ್ಲಿ ಕಲ್ಲಿಲ್ಲದವರಿಗೆ ಸೊನ್ನೆ. ದಲಿತರಿಗೆ ಕಲ್ಲಿನ ಮನೆ ಕಟ್ಟಲು ಯಾವ ಕಾಲದಲ್ಲಿ ಬಿಟ್ಟಿದ್ದರು? ಮಣ್ಣಿನ ಗೋಡೆ ಪ್ರತಿ ಮಳೆಗೆ ಕರಗಿತು, ಅದರ ಜೊತೆ ಚರಿತ್ರೆಯೂ ಕರಗಿತು. ಉಳಿದದ್ದು ಬಾಯಲ್ಲಿ ಮತ್ತು ಕೈಯಲ್ಲಿ: ಬೀಸುವ ಕಲ್ಲಿನ ಹಾಡು, ಹಲಗಿಯ ಪೆಟ್ಟು, ಕನ್ನಡ ಮರಾಠಿ ಎರಡರಲ್ಲೂ ಹಾಡುವ ಭೀಮಗೀತೆ, ಮೆಥಡಿಸ್ಟ್ ಮಿಷನ್ನಿನ ಶಾಲೆಯಲ್ಲಿ ಮೊದಲ ಅಕ್ಷರ ಕಂಡ ಅಜ್ಜನ ನೆನಪು. ಹೈದರಾಬಾದ್ ಸಂಸ್ಥಾನದ ದಲಿತ ನಾಯಕ ಬಿ. ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದಾಗ ಇಲ್ಲಿಯ ಹುಡುಗರ ಎದೆ ಉಬ್ಬಿತ್ತು. ಇವೆಲ್ಲ ಎಪ್ಪತ್ತು ದಾಟಿದ ಮುದುಕರ ಬಳಿ ಇವೆ. ಅವರು ಹೋದರೆ ಹೋದವು. ಕೋಟೆ ಇನ್ನೂ ನೂರು ವರ್ಷ ಕಾಯಬಲ್ಲದು. ಈ ಅಜ್ಜಿಯರು ಕಾಯುವುದಿಲ್ಲ. ಮೊದಲ ಹಣ ಎಲ್ಲಿಗೆ ಹೋಗಬೇಕು ಎಂಬುದು ಇದರಿಂದಲೇ ತೀರ್ಮಾನವಾಗಬೇಕು.

ಸ್ಮಾರಕ ಮಾಡಲು ಸರ್ಕಾರಗಳಿಗೆ ಮನಸ್ಸಿಲ್ಲ ಎಂದಲ್ಲ. ಮನಸ್ಸು ಬಂದರೆ ದುಡ್ಡು ಎಲ್ಲಿಂದಲೋ ಬರುತ್ತದೆ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದಾಗ ಅಂದಾಜು 500 ಕೋಟಿ, 770 ಕಂಬ. ಆಗಲಿ, ಶರಣರ ಹೆಸರಿಗೆ ನಾವು ಎದುರಾಡುವವರಲ್ಲ. ಅದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಆನೆಯ ಕಾಲಿಗೆ ಕಟ್ಟಿಸಿಕೊಂಡು ಸತ್ತದ್ದು ಕಂಬಗಳಿಗಾಗಿ ಅಲ್ಲ ಎಂಬುದನ್ನು ಮಾತ್ರ ಜ್ಞಾಪಿಸುತ್ತೇವೆ. ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಊರವರನ್ನು ಕೊಂದರು. 2023ರ ಮಾರ್ಚಿನಲ್ಲಿ ಅಮಿತ್ ಶಾ ಬಂದು ಅಲ್ಲಿ ಸ್ಮಾರಕ ಉದ್ಘಾಟಿಸಿದರು. ಸತ್ತವರಿಗೆ ಸ್ಮಾರಕ ಬೇಕೇ ಬೇಕು. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು ಎಂದು ಪಂಡಿತ ಸುಂದರಲಾಲ್ ಸಮಿತಿ ಬರೆಯಿತು. ಆ ಹೆಣಗಳಿಗೆ ಒಂದು ಇಟ್ಟಿಗೆಯೂ ಇಲ್ಲ. ಎರಡೂ ಕಡೆ ಅತ್ತ ತಾಯಂದಿರು ಇದೇ ನೆಲದವರು.

ಹೀಗೆ ಬರೆಯುತ್ತ ಹೋದರೆ ನಮಗೆ ಬೀದರಿನಲ್ಲಿ ಮೆಚ್ಚಲು ಏನೂ ಇಲ್ಲವೆಂದು ತಿಳಿಯಬೇಡಿ. ಅಷ್ಟೂರಿಗೆ ಹೋಗಿರಿ. ಬಹಮನಿ ಸುಲ್ತಾನರ ಗೋರಿಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಜಾಲಿಮ್ ಎಂದು ಹೆಸರು ಪಡೆದ ಹುಮಾಯೂನನ ಗೋರಿ ಸಿಡಿಲು ಬಡಿದು ಅರ್ಧ ಒಡೆದು ನಿಂತಿದೆ. ಜನ ಅದನ್ನು ಬಹಳ ತೃಪ್ತಿಯಿಂದ ತೋರಿಸುತ್ತಾರೆ. ಅಹಮದ್ ಶಾನ ಗೋರಿಯ ಒಳಗೆ ಗುಮ್ಮಟದ ತುಂಬ ಬಣ್ಣ, ಬಂಗಾರದ ಬರಹ. ಈ ಸುಲ್ತಾನ ಮುಸಲ್ಮಾನರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಉರುಸು ನಡೆಯುವುದು ಹೋಳಿ ಕಳೆದ ಮೇಲೆ, ಹಿಂದೂ ಪಂಚಾಂಗದ ಲೆಕ್ಕಕ್ಕೆ. ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ಶಿಷ್ಯರೊಂದಿಗೆ ನಡೆದು ಬಂದು ಶಂಖ ಊದುತ್ತಾರೆ. ಯಾವ ಸರ್ಕಾರದ ನೆರವೂ ಇಲ್ಲದೆ ಇದು ಶತಮಾನಗಳಿಂದ ನಡೆದಿದೆ. ಧ್ವನಿ ಬೆಳಕಿನ ಪ್ರದರ್ಶನದವರು ಇದಕ್ಕೆ ಯಾವಾಗ ಕೈ ಹಾಕುತ್ತಾರೋ ಎಂದು ನಮಗೆ ಒಳಗೊಳಗೇ ಅಂಜಿಕೆ.

ಔರಾದ, ಭಾಲ್ಕಿಯ ಮಾಸ್ತರ ಗೆಳೆಯರಲ್ಲಿ ಒಂದು ಕೇಳಿಕೆ. ಪ್ರತಿ ವರ್ಷ ಶಾಲೆಯ ಪ್ರವಾಸ ಎಂದರೆ ಮೈಸೂರು, ಬೇಲೂರು ಎಂದು ಹೊರಡುತ್ತೀರಿ. ಈ ಸಲ ಹೋಳಿಯ ನಂತರ ಮಕ್ಕಳನ್ನು ಅಷ್ಟೂರಿನ ಉರುಸಿಗೆ ಕರೆತನ್ನಿ. ಬರುವ ದಾರಿಯಲ್ಲಿ ನೌಬಾದಿನ ಸುರಂಗ ಬಾವಿಯ ಬಾಯಿಯ ಹತ್ತಿರ ಇಳಿಸಿ. ಪ್ರತಿ ಮಗುವಿನ ಕೈಯಲ್ಲಿ ಒಂದು ಎಕ್ಸರ್‌ಸೈಜ್ ಪುಸ್ತಕವಿರಲಿ. ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ಬರೆದುಕೊಂಡು ಬರಲು ಹೇಳಿ: ನೀವು ಯಾವ ಬಾವಿ ತೋಡಿದಿರಿ, ಯಾವ ಡ್ಯಾಮಿಗೆ ಮಣ್ಣು ಹೊತ್ತಿರಿ, ಯಾವ ವಾಡೆಗೆ ಕಲ್ಲು ಕೊಟ್ಟಿರಿ, ಕೂಲಿ ಏನು ಕೊಟ್ಟರು, ನೀರು ಕುಡಿಯಲು ಎಲ್ಲಿ ನಿಲ್ಲಿಸಿದರು. ಊರಿನ ಹೆಸರು, ಮನುಷ್ಯರ ಹೆಸರು ಪೂರ್ತಿ ಬರೆಸಿ. ಆ ಪುಸ್ತಕಗಳನ್ನು ನಮಗೆ ಕಳಿಸಿಕೊಡಿ. ಬೀದರಿನ ಜಿಲ್ಲಾಧಿಕಾರಿಗಳ ಕಚೇರಿಗೆ ನಾವೇ ಹೊತ್ತುಕೊಂಡು ಹೋಗುತ್ತೇವೆ, ಬೋರ್ಡು ಬರೆಯುವ ಪೇಂಟರನ್ನೂ ಜೊತೆಗೆ ಕರೆದುಕೊಂಡು.